ಅಡಿಗೆಮನೆಯಲ್ಲಿ ಚಂದ್ರಗಿರಿ

ನಮ್ಮ ಸೋದರಮಾವ ಅಬುಧಾಬಿಯಲ್ಲಿ ಬಸ್ಸು ಹತ್ತಿದರೆಂದರೆ ದುಬೈಯಲ್ಲಿ ಯಾವುದೋ ಒಂದು ಸಂಸಾರಕ್ಕೆ ಗಂಡಾಂತರ ಕಾದಿದೆ ಎಂದೇ ಅರ್ಥ! ಹಾಗೆಂದು ಅವರು ಕುಡಿಯುವವರಲ್ಲ, ಚಾಡಿ ಹೇಳುವವರಲ್ಲ, ಊಟದಲ್ಲಿ ಉಪ್ಪು ಕಡಿಮೆಯಾಯಿತು ಎಂದು ಕೂಡ ಹೇಳುವವರಲ್ಲ. ಅವರಿಗಿರುವುದು ಒಂದೇ ಚಟ, ಹೋದ ಮನೆಯಲ್ಲೆಲ್ಲ ಪ್ರಜಾಪ್ರಭುತ್ವ ಸ್ಥಾಪಿಸುವುದು. ದೊಡ್ಡ ದೇಶಗಳು ಇದೇ ಕೆಲಸಕ್ಕೆ ವಿಮಾನ ಹತ್ತಿ ಹೋಗುತ್ತವೆ, ಮಾವ ಇಂಟರ್‌ಸಿಟಿ ಬಸ್ಸಿನಲ್ಲಿ ಬರುತ್ತಾರೆ. ಪರಿಣಾಮದಲ್ಲಿ ಹೆಚ್ಚಿನ ವ್ಯತ್ಯಾಸವೇನೂ ನನಗೆ ಕಂಡಿಲ್ಲ.

ನಮ್ಮ ಚಿಕ್ಕಮ್ಮನ ಮಗನ ಬ್ಯಾಚುಲರ್ ಫ್ಲಾಟಿನ ಕತೆಯನ್ನೇ ಕೇಳಿ. ಅಲ್ಲಿ ಆರು ಮಂದಿ. ಅವರಲ್ಲೊಬ್ಬರು ಕುಂದಾಪುರದ ಹಿರಿಯರು, ಎಂಟು ವರ್ಷಗಳಿಂದ ಎಲ್ಲರಿಗೂ ಅಡಿಗೆ ಮಾಡಿ ಹಾಕುತ್ತಿದ್ದರು. ಮಾವ ಒಂದು ಶನಿವಾರ ಹೋಗಿ, ಮೀನುಸಾರು ಹೊಡೆದು, ಕೈ ತೊಳೆದು ಕೇಳಿದರು, "ಇವರನ್ನು ಆರಿಸಿದ್ದು ಯಾರು?" ಯಾರೂ ಆರಿಸಿರಲಿಲ್ಲ. ಹಸಿವಾದಾಗ ಅವರು ಪಾತ್ರೆ ಎತ್ತಿಕೊಂಡಿದ್ದರು, ಅಷ್ಟೆ. "ಹಾಗಾದ್ರೆ ಇದು ಸರ್ವಾಧಿಕಾರ ಆಯ್ತಲ್ಲ ಮಾರಾಯ್ರೆ!" ಸರಿ, ಗುಪ್ತ ಮತದಾನ ನಡೆಯಿತು. ಹಿರಿಯರು ನಾಲ್ಕು ಮತ ಪಡೆದು ಗೆದ್ದರು. ಆದರೆ ಬೇಡವೆಂದ ಇಬ್ಬರು ಯಾರೆಂದು ಯೋಚಿಸುತ್ತ ಯೋಚಿಸುತ್ತ ಸೌಟು ಕೆಳಗಿಟ್ಟುಬಿಟ್ಟರು! ಆರೂ ಮಂದಿ ಒಂದು ತಿಂಗಳು ಅಂಗಡಿಯ ಕುಬ್ಬೂಸ್ ರೊಟ್ಟಿ, ಮೊಸರು ತಿಂದರು. ಸುದ್ದಿ ಕೇಳಿ ಮಾವ ಫೋನಿನಲ್ಲಿ ಹೇಳಿದ್ದಿಷ್ಟು: "ಚುನಾವಣೆ ಶಾಂತಿಯುತವಾಗಿ ನಡೀತಲ್ಲ? ಮತ್ತೆಂತ ತೊಂದರೆ?"

ಈ ಚಟ ಅವರಿಗೆ ಹತ್ತಿದ್ದು ಕೆಲಸದಿಂದಲೇ ಇರಬೇಕು. ಮಾವ ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಟೈಪಿಂಗ್ ಸೆಂಟರಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಜನರ ವೀಸಾ ಅರ್ಜಿ ತುಂಬುತ್ತಿದ್ದಾರೆ. ಮೇಜಿನ ಮುಂದೆ ಜಗತ್ತೇ ಬಂದು ಕುಳಿತುಕೊಳ್ಳುತ್ತದೆ. ಒಬ್ಬ ಹುಟ್ಟಿದ ದೇಶ ಈಗ ನಕ್ಷೆಯಲ್ಲಿಲ್ಲ. ಇನ್ನೊಬ್ಬನ ದೇಶ ಇದೆ ಎಂದು ಅರ್ಧ ಜಗತ್ತು ಹೇಳುತ್ತದೆ, ಇಲ್ಲ ಎಂದು ಉಳಿದರ್ಧ. ಮೂರನೆಯವನು 'ರಾಷ್ಟ್ರೀಯತೆ' ಎಂಬ ಕಾಲಂ ನೋಡಿ ಸುಮ್ಮನೆ ಅಳುತ್ತಾನೆ. ಇವರೆಲ್ಲರ ದುಃಖ ಕೇಳಿ ಕೇಳಿ ಮಾವನಿಗೆ ತಮ್ಮ ದುಃಖ ನೆನಪಾಗುತ್ತದೆ. ಅದೇ ಕಾಸರಗೋಡು! ರಾಜ್ಯಗಳ ಗೆರೆ ಎಳೆಯುವಾಗ ತಮ್ಮ ಊರನ್ನು ಕೇರಳಕ್ಕೆ ಸೇರಿಸಿದ್ದನ್ನು, ಆಗಿನ್ನೂ ಹುಟ್ಟಿರದಿದ್ದರೂ, ಅವರು ಕ್ಷಮಿಸಿಲ್ಲ. "ನಮ್ಮನ್ನು ಒಂದು ಮಾತು ಕೇಳಿದ್ರಾ? ವೋಟು ಹಾಕಿಸಿದ್ರಾ?" ಹಟಕ್ಕೆ ಬಿದ್ದವರಂತೆ ಮಲಯಾಳದ ಒಂದಕ್ಷರವನ್ನೂ ಅವರು ನಾಲಗೆಗೆ ತಂದದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಇಂಥವರು ನಮ್ಮ ಮನೆಗೆ ಬರುತ್ತೇನೆಂದಾಗ ನಾನು ಹೆದರದಿರುವುದುಂಟೇ? ದುಬೈಯ ಊದ್ ಮೇಥಾದ ನಮ್ಮ ಫ್ಲಾಟಿನಲ್ಲಿ ಎರಡು ಸಂಸಾರ. ಒಂದು ಕೋಣೆಯಲ್ಲಿ ನಾನು, ಗಂಡ, ಎರಡು ವರ್ಷದ ಮಗಳು. ಇನ್ನೊಂದರಲ್ಲಿ ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಮಲಯಾಳಿ ಹೆಂಗಸು ಮತ್ತು ಅವರ ಗಂಡ. ಅಡಿಗೆಮನೆ ಇಬ್ಬರಿಗೂ ಒಂದೇ. ಚೇಚಿ ಕಾಞಂಗಾಡಿನವರು, ಕೇಳಿ ಕಲಿತ ಕನ್ನಡ ಬರುತ್ತದೆ, ಮಕ್ಕಳಿಲ್ಲ. ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ನನ್ನ ಡ್ಯೂಟಿ ಬೆಳಿಗ್ಗೆ ಏಳಕ್ಕೆ, ಗಂಡ ಆರಕ್ಕೇ ಹೊರಡುತ್ತಾರೆ, ಹತ್ತಿರದ ನರ್ಸರಿ ಬಾಗಿಲು ತೆಗೆಯುವುದು ಎಂಟಕ್ಕೆ. ಮಗುವಿಗೆ ಮೂರು ತಿಂಗಳಾದಾಗಿನಿಂದ ಎತ್ತಿ ಆಡಿಸಿದ್ದು ಚೇಚಿಯೇ. ಅವರು ಮುನಿಸಿಕೊಂಡರೆ ನನ್ನ ಕೆಲಸ ಖಲಾಸ್!

ಬಂದು ಅರ್ಧ ಗಂಟೆಯಾಗಿರಲಿಲ್ಲ, ಮಗಳು ಮಾವನ ಎದುರಿಗೇ ಲೋಟ ಹಿಡಿದು "ವೆಳ್ಳಂ" ಎಂದು ಮಲಯಾಳದಲ್ಲಿ ನೀರು ಕೇಳಿದಳು. ಮಾವ ಚಹದ ಕಪ್ಪನ್ನು ಕೆಳಗಿಟ್ಟರು. "ಇಲ್ಲಿಯೂ ಬಂದ್ರಾ?"

"ಸಾರೇ, ನಾನೂ ಕಾಸರಗೋಡು ಜಿಲ್ಲೆಯೇ. ಕಾಞಂಗಾಡ್" ಎಂದರು ಚೇಚಿ, ನೆಂಟಸ್ತಿಕೆ ಹುಡುಕುವ ಸಂಭ್ರಮದಲ್ಲಿ.

"ಕನ್ನಡದಲ್ಲಿ ಅದು ಹೊಸದುರ್ಗ! ಲೆಕ್ಕಪ್ರಕಾರ ಅದೂ ನಮ್ಮದೇ. ಶಾಂತಿಗೋಸ್ಕರ ಬಿಟ್ಟುಕೊಟ್ಟದ್ದು. ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ನಿಮಗೆ, ಬಡಗಕ್ಕೆ ನಮಗೆ."

ಮಾತು ಅಲ್ಲಿಗೆ ನಿಲ್ಲಲಿಲ್ಲ. ಒಪ್ಪಂದವಿಲ್ಲದ ಅಡಿಗೆಮನೆಯನ್ನು ಮಾವನಿಗೆ ಸಹಿಸಲಾಗಲಿಲ್ಲ. ಹಳದಿ ಟೇಪು ತಂದು ನೆಲಕ್ಕೆ ಅಂಟಿಸಿಯೇ ಬಿಟ್ಟರು. ಸಿಂಕೇ ಚಂದ್ರಗಿರಿ! ಬಡಗಿನ ಸ್ಟವ್ ನಮ್ಮದಾಯಿತು, ತೆಂಕಿನ ಫ್ರಿಜ್ಜು ಅವರದ್ದು.

"ಸಾರೇ, ಹಾಲು ನನ್ನ ರಾಜ್ಯದಲ್ಲಿ, ಬೆಂಕಿ ನಿಮ್ಮ ರಾಜ್ಯದಲ್ಲಿ. ಕುಞ್ಞಿ ಮಗುವಿಗೆ ಹಾಲು ಕಾಯಿಸ್ಲಿಕ್ಕೆ ವೀಸಾ ಬೇಕಾ?" ಚೇಚಿ ನಗುತ್ತಲೇ ಕೇಳಿದರು.

"ಆನ್ ಅರೈವಲ್" ಎಂದರು ಮಾವ, ನಗದೆ.

ನಾನು ಮಾವನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಕೈಮುಗಿದೆ. "ಮಾವ, ನಿಮ್ಮ ದಮ್ಮಯ್ಯ, ಟೇಪು ತೆಗೀರಿ." ಅವರು ಹೇಳಿದರು, "ನಾನು ತೆಗೆದ್ರೆ ಅದು ಸರ್ವಾಧಿಕಾರ. ನಾಳೆ ವೋಟು ಹಾಕಿ, ನೀವೇ ತೆಗೀರಿ."

ಮರುದಿನ ಭಾನುವಾರ. ಬೆಳಿಗ್ಗೆ ಮಗಳು ಹಾಲ್‌ನಲ್ಲಿ ಓಡುತ್ತ ಬಿದ್ದಳು. ಮೊಣಕಾಲು ತರಚಿತು. ನಾನು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿ, "ಅಮ್ಮಾ" ಎಂದು ಅಳುತ್ತ ಹೋಗಿ ಚೇಚಿಯ ಸೊಂಟ ತಬ್ಬಿಕೊಂಡಳು. ಚೇಚಿಗೆ ಕಸಿವಿಸಿಯಾಯಿತು. "ಅಮ್ಮ ಅಲ್ಲಿ ಮೋಳೇ, ಅಲ್ಲಿ" ಎಂದು ನನ್ನ ಕಡೆ ತಿರುಗಿಸಲು ನೋಡಿದರು. ಮಗು ತಿರುಗಲಿಲ್ಲ. ನಾನು ನಕ್ಕೆ. ಹೇಗೆ ನಕ್ಕೆನೋ ದೇವರಿಗೇ ಗೊತ್ತು.

ಊಟದ ನಂತರ ಮತದಾನ. ಮಾವ ಟೈ ಕಟ್ಟಿಕೊಂಡು ವೀಕ್ಷಕರಾಗಿ ಕುಳಿತರು. ಹಾಲಿನ ಪುಡಿಯ ಡಬ್ಬಿಯೇ ಮತಪೆಟ್ಟಿಗೆ. ಗಡಿ ಬೇಕೆಂದರೆ ಟಿಕ್, ಬೇಡವೆಂದರೆ ಇಂಟು. ನಾಲ್ಕು ಮಂದಿಯೂ ತಮಾಷೆ ಮಾಡುತ್ತಲೇ ಚೀಟಿ ಹಾಕಿದೆವು. ಮಾವ ಒಂದೊಂದಾಗಿ ಬಿಡಿಸಿದರು. ಇಂಟು. ಇಂಟು. ಟಿಕ್. ಇಂಟು.

ಗಡಿ ಒಂದಕ್ಕೆ ಮೂರು ಮತಗಳಿಂದ ಸೋತಿತ್ತು. ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಚೇಚಿ ಗಂಡನ ಮುಖ ನೋಡಿದರು, ಅವರು ತಲೆಯಾಡಿಸಿದರು. ನನ್ನ ಗಂಡ "ನಾನಲ್ಲಪ್ಪ" ಎಂದರು. ಚೇಚಿಯ ಕಣ್ಣು ನನ್ನ ಮೇಲೆ ನಿಂತಿತು.

"ಎರಡು ವರ್ಷ ಒಂದೇ ಪಾತ್ರೆಯಲ್ಲಿ ಉಂಡಿದ್ದೇವೆ. ನಾವು ಬೇಡ ಅಂತ ಮುಖಕ್ಕೇ ಹೇಳಬಹುದಿತ್ತು. ನಾಳೆಯಿಂದ ಮಗುವಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ." ಅಷ್ಟು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡರು.

ಹೌದು, ಆ ಟಿಕ್ ನನ್ನದೇ. ಸ್ಟವ್‌ಗಾಗಿ ಅಲ್ಲ, ಫ್ರಿಜ್ಜಿಗಾಗಿಯೂ ಅಲ್ಲ. ಹೊಟ್ಟೆಕಿಚ್ಚಿಗೆ! ನನ್ನ ಮಗುವಿನ ಸುತ್ತ ಒಂದು ಗೆರೆ ಬೇಕೆನಿಸಿತ್ತು, ಕೈಗೆ ಸಿಕ್ಕಿದ್ದು ಅಡಿಗೆಮನೆಯ ಗೆರೆ. ಈಗ ಬಾಗಿಲು ತಟ್ಟಿ ತಪ್ಪೊಪ್ಪಿಕೊಂಡರೆ ಚೇಚಿ ಕ್ಷಮಿಸುತ್ತಾರೆಯೇ? ಒಪ್ಪಿಕೊಳ್ಳದಿದ್ದರೆ ನಾಳೆ ಏಳಕ್ಕೆ ಮಗುವನ್ನು ಯಾರ ಕೈಗೆ ಕೊಡಲಿ? ಆ ಮಧ್ಯಾಹ್ನ ನಾನು ಸೋಫಾದಲ್ಲಿ ಉಗುರು ಕಚ್ಚುತ್ತ ಕುಳಿತೆ. ಮಗಳು ಮುಚ್ಚಿದ ಬಾಗಿಲಿನ ಮುಂದೆ ಕುಳಿತು ಅದನ್ನು ಪಟಪಟ ಬಡಿಯುತ್ತಿದ್ದಳು. ಮಾವನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು!

ಮಾವ ಎದ್ದರು. ಮಗುವನ್ನು ಎತ್ತಿಕೊಂಡು ಬಾಗಿಲು ತಟ್ಟಿದರು. ಚೇಚಿ ತೆರೆದರು, ಕಣ್ಣು ಕೆಂಪಾಗಿತ್ತು.

"ಮೋಳೇ, ಎನಿಕ್ಕ್ ತೆಟ್ಟು ಪಟ್ಟಿ" ಎಂದರು ಮಾವ. ಮಗಳೇ, ನನ್ನಿಂದ ತಪ್ಪಾಯಿತು ಎಂದು, ಮಲಯಾಳದಲ್ಲಿ! ಮುಂದಿನದ್ದನ್ನೂ ಅದೇ ಭಾಷೆಯಲ್ಲಿ, ತಡವರಿಸದೆ ಹೇಳಿದರು. ಒಂದು ಚೀಟಿ ಬದಲಾಯಿಸಿದ್ದು ತಾನೇ, ನಾಲ್ಕೂ ಇಂಟೇ ಇದ್ದವು, ಸೋಲು ಸಹಿಸಲಾಗದೆ ವೀಕ್ಷಕನೇ ಮೋಸ ಮಾಡಿದ. ನನ್ನ ಸೋದರಸೊಸೆಯದ್ದೇನೂ ತಪ್ಪಿಲ್ಲ, ಕುಞ್ಞಿಯನ್ನು ಬಿಡಬೇಡ.

ಚೇಚಿ ಮಗುವನ್ನು ಕಿತ್ತುಕೊಳ್ಳುವ ಹಾಗೆ ತೆಗೆದುಕೊಂಡು, "ಇಷ್ಟು ದೊಡ್ಡವರಾಗಿ ನಾಚಿಕೆ ಇಲ್ಲವಾ ಸಾರೇ?" ಎಂದು ಚೆನ್ನಾಗಿ ಬೈದರು. ಜೀವಮಾನವಿಡೀ ಒಂದು ವೋಟಿನ ಮೋಸವನ್ನೂ ಸಹಿಸದ ಮಾವ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡರು.

ಸಂಜೆ ಅವರನ್ನು ಬಿಡಲು ಮೆಟ್ರೋ ಸ್ಟೇಷನ್ನಿನವರೆಗೆ ಹೋದೆ. "ಮಾವ, ಆ ಚೀಟಿ..."

"ಗೊತ್ತುಂಟು. ಬೆಳಿಗ್ಗೆ ಮಗು ಅವಳನ್ನು ಅಮ್ಮ ಅಂತ ಕರೆದಾಗ ನಿನ್ನ ಮುಖ ನೋಡಿದ್ದೆ."

"ಮತ್ತೆ ನಿಮಗೆ ಮಲಯಾಳ ಎಲ್ಲಿಂದ ಬಂತು?"

ಮಾವ ರೈಲು ಬರುವ ದಿಕ್ಕಿಗೆ ತಿರುಗಿದರು. "ನಮ್ಮಮ್ಮ ಬೀಡಿ ಕಟ್ಟುವಾಗ ನನ್ನನ್ನು ನೋಡಿಕೊಂಡವಳು ಪಕ್ಕದ ಮನೆಯ ಮಲಯಾಳಿ ಹೆಂಗಸು. ನಾನು ಅವಳನ್ನೂ ಅಮ್ಮ ಅಂತಿದ್ದೆ. ನಮ್ಮಮ್ಮನಿಗೆ ತಡೀಲಿಲ್ಲ. ಒಂದು ದಿನ ಜಗಳ ತೆಗೆದು, ನಡುವೆ ಬೇಲಿ ಹಾಕಿಸಿದಳು." ರೈಲು ಬಂತು. ಅವರು ಚೀಲ ಎತ್ತಿಕೊಂಡರು. "ಆಗ ನನ್ನನ್ನು ಯಾರೂ ಕೇಳ್ಲಿಲ್ಲ ಮಗಾ. ನಂಗೆ ಇಬ್ಬರೂ ಬೇಕಿತ್ತು."