ಬಡತನ ಕೇಳುವವರು ಬರುತ್ತಾರಂತೆ

ಬಡತನದ ಬಗ್ಗೆ ಪ್ರಶ್ನೆ ಕೇಳುತ್ತ ಊರೂರು ಅಲೆಯುವವನಿಗೆ ನಗು ಬರಬಾರದು. ಆದರೆ ಏನು ಮಾಡಲಿ, ಉತ್ತರ ಕೊಡುವವರು ಬಿಡಬೇಕಲ್ಲ! ಐವತ್ತರ ದಶಕದಲ್ಲಿ ಮೈಸೂರಿನ ಪ್ರೊಫೆಸರೊಬ್ಬರ ಕೈಕೆಳಗೆ ನನಗೆ ಕೆಲಸ. ಹಳ್ಳಿಯಲ್ಲಿ ಯಾರು ಬಡವರು, ಯಾರನ್ನು ಊರು ದೂರ ಇಟ್ಟಿದೆ, ಸರ್ಕಾರ ಅವರಿಗೇನು ಮಾಡಬೇಕು ಎಂದು ತಿಳಿಯುವ ಸಂಶೋಧನೆ ಅವರದು. ಅವರು ಕುರ್ಚಿಯಲ್ಲಿ ಕೂತು ಪ್ರಶ್ನೆ ಹುಟ್ಟಿಸುತ್ತಿದ್ದರು. ನಾನು ಪಿರಿಯಾಪಟ್ಟಣ, ಕೆ.ಆರ್. ನಗರ, ಹುಣಸೂರು, ಹೆಗ್ಗಡದೇವನಕೋಟೆ ಎಂದು ಬಸ್ಸಿನ ಧೂಳು ಕುಡಿದು ಉತ್ತರ ಹುಡುಕುತ್ತಿದ್ದೆ. ಹಳ್ಳಿಯವರು ನನಗೆ ‘ಬಡತನ ಕೇಳೋರು’ ಎಂದೇ ಹೆಸರಿಟ್ಟಿದ್ದರು.

ಪ್ರೊಫೆಸರಿಗೆ ಬಲು ಇಷ್ಟವಾದ ಪ್ರಶ್ನೆಯೊಂದಿತ್ತು: ಊರ ಬಾವಿಯಲ್ಲಿ ಯಾರು ಯಾರು ನೀರು ಸೇದುತ್ತಾರೆ? ಪ್ರತಿ ಊರಿನ ಪಟೇಲರೂ ‘ಎಲ್ಲರೂ’ ಎನ್ನುತ್ತಿದ್ದರು. ಹರಿಜನ ಕೇರಿಯ ಹೆಂಗಸರು ಮಾತ್ರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಹೊಯ್ದಾರೆಂದು ಬಾವಿಯಿಂದ ದೂರ ನಿಂತಿರುತ್ತಿದ್ದರು. ಈ ‘ಎಲ್ಲರೂ’ ಅಂದರೆ ಯಾರು ಎಂಬ ಕುತೂಹಲ ನನಗೂ ಅಂಟಿಕೊಂಡಿತು.

ಗೌಡರ ಎತ್ತಿನ ಸಲಿಗೆ

ಕಂಪಲಾಪುರದ ಆಚೆ ಒಬ್ಬ ಗೌಡರ ಜಗಲಿಯಲ್ಲಿ ಕೂತು ಶುರುಮಾಡಿದೆ. “ಜಮೀನು ಎಷ್ಟು? ಮನೆ ಸ್ವಂತದ್ದಾ? ಮಗ ಎಲ್ಲಿವರೆಗೆ ಓದಿದ್ದಾನೆ?”

ಗೌಡರು ರುಮಾಲು ಸರಿಮಾಡಿಕೊಂಡು ಒಳಗೆ ಕಣ್ಸನ್ನೆ ಮಾಡಿದರು. ಬೆಲ್ಲದ ಕಾಫಿ ಬಂತು. ಕೊಟ್ಟಿಗೆಯಲ್ಲಿದ್ದ ಎರಡು ಜೊತೆ ಎತ್ತು ತೋರಿಸಿ, “ಎಲ್ಲಾ ನಮ್ಮವೇ ಕಣ್ರೀ” ಅಂದರು. ಆಮೇಲೆ ಮೆಲ್ಲಗೆ ಕೇಳಿದರು: “ಎಣ್ಣಿನ ಕಡೆಯೋರು ಯಾವೂರೋರು?”

ಆ ಸೀಮೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದಾಗ ಕೇಳುವುದೂ ಇದೇ ಮೂರು ಪ್ರಶ್ನೆಗಳನ್ನು! ಹೇಗೋ ತಪ್ಪಿಸಿಕೊಂಡು ಪಕ್ಕದ ಮನೆಗೆ ಹೋದರೆ, ಅಲ್ಲಿನ ಯಜಮಾನರಿಗೆ ನಾನು ಕಂದಾಯ ಏರಿಸಲು ಬಂದವನು ಎಂಬ ಭಯ. “ನಂಗೆ ಎತ್ತೂ ಇಲ್ಲ, ಗಿತ್ತೂ ಇಲ್ಲ, ಬರ್ಕಳಿ” ಅಂದರು. ಅಷ್ಟರಲ್ಲಿ ಎರಡೂ ಮನೆಗೆ ಒಂದೇ ಆಗಿದ್ದ ಆ ಕೊಟ್ಟಿಗೆಯಿಂದ ಒಂದು ಎತ್ತು ಅವರ ದನಿ ಕೇಳಿ ಬಂದು ಹೆಗಲು ನೆಕ್ಕತೊಡಗಿತು. ಅವರು ಅದರ ಮೂತಿ ಅತ್ತ ತಳ್ಳಿ, “ಗೌಡ್ರ ಎತ್ತು. ಒಸಿ ಸಲಿಗೆ ಜಾಸ್ತಿ” ಅಂದರು.

ಒಬ್ಬರು ಸೇರಿಸಿಕೊಂಡ ಜೊತೆಯನ್ನೇ ಇನ್ನೊಬ್ಬರು ಮುಚ್ಚಿಟ್ಟಿದ್ದರಿಂದ ಊರಿನ ಎತ್ತುಗಳ ಒಟ್ಟು ಲೆಕ್ಕ ಸರಿಯಾಗಿಯೇ ಬಂತು. ಇಷ್ಟು ಪ್ರಾಮಾಣಿಕವಾದ ಊರನ್ನು ತಾವು ಕಂಡೇ ಇಲ್ಲ ಎಂದರು ಪ್ರೊಫೆಸರು.

ಉಂಡ ಮೇಲೆ ಮಾತು

ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಕೂಲಿ ಮಾಡುವ ಒಬ್ಬ ಮುದುಕಿಯ ಗುಡಿಸಲು. ಅಲ್ಲಿ ಉಣ್ಣದವರ ಹತ್ತಿರ ಮಾತೇ ಇಲ್ಲ. ನಾನು ಬಾಯಿ ತೆರೆದಾಗಲೆಲ್ಲ ಅಜ್ಜಿ, “ಮೊದ್ಲು ಉಣ್ಣು. ಒಟ್ಟೆ ಅಸ್ಕಂಡಿರೋನ ಪ್ರಶ್ನೆಗೆ ಏನು ಬೆಲೆ?” ಎನ್ನುತ್ತಿತ್ತು. ಮುದ್ದೆ, ಉಪ್ಪುಸಾರು. ಹಸಿದಿದ್ದೆ, ಚೆನ್ನಾಗಿಯೇ ಬಾರಿಸಿದೆ.

ಕೈ ತೊಳೆದು ಗಂಭೀರವಾಗಿ ಕೇಳಿದೆ. “ಅಜ್ಜಿ, ಈಗ ಮನೆಯಲ್ಲಿ ತಿನ್ನೋಕೆ ಏನಿದೆ?”

“ಇತ್ತು ಕಣಪ್ಪ. ಈಗ ನಿನ್ನೊಟ್ಟೇಲದೆ. ಅಂಗೇ ಬರ್ಕೋ” ಅಂದು ಬೊಚ್ಚುಬಾಯಿ ಬಿಟ್ಟು ನಕ್ಕಿತು.

ನನ್ನ ಗಂಟಲು ಕಟ್ಟಿತು. ಅಜ್ಜಿಗೆ ಅದೂ ತಮಾಷೆಯೇ. “ಮುದ್ದೆ ಸಿಕ್ಕಾಕ್ಕಂತಾ? ಸಾರು ಬಿಟ್ಕೊಬೇಕಿತ್ತು” ಅಂತು.

ಒಸಿ ಕುಂತ್ಕಳಿ

ಹುಣಸೂರಿನಿಂದ ಗುರುಪುರದ ಕಡೆಗಿನ ಒಂದು ಹಳ್ಳಿ. ಬಿರುಬೇಸಿಗೆ, ಕೇರಿಯವರು ನೆಚ್ಚಿದ್ದ ಹಳ್ಳ ಒಣಗಿತ್ತು. ಇದ್ದದ್ದು ಊರ ಬಾವಿಯೊಂದೇ. ಪಟೇಲರು ವಾಡಿಕೆಯಂತೆ, “ನಮ್ಮೂರಲ್ಲಿ ಭೇದಗೀದ ಏನೂ ಇಲ್ಲ ಸ್ವಾಮಿ. ಎಲ್ರೂ ಸೇದ್ತಾರೆ” ಅಂದರು.

“ಹಾಗಾದರೆ ಒಂದು ಸಲ ನೋಡಬಹುದಾ?” ಅಂದೆ.

ಅಸ್ಪೃಶ್ಯತೆ ಅಪರಾಧ ಎಂದು ಹೊಸ ಕಾಯ್ದೆ ಬಂದಿದ್ದ ಕಾಲ. ಪಟೇಲರ ಮುಖ ಹುಳ್ಳಗಾಯಿತು. ತಳವಾರನನ್ನು ಓಡಿಸಿ ಕೇರಿಯಿಂದ ಒಬ್ಬ ಹೆಂಗಸನ್ನು ಕರೆಸಿದರು. ಆಕೆ ಹಗ್ಗ ಹಿಡಿದವಳು ಪಟೇಲರನ್ನು ನೋಡಿ, “ಎಲ್ಲಿಗಂಟ ಸೇದ್ಲಿ ಬುದ್ಧೀ?” ಅಂದಳು.

ಪಟೇಲರು ಹಲ್ಲು ಕಚ್ಚಿ, “ಸ್ವಾಮಿಗೋಳು ನೋಡೋಗಂಟ” ಅಂದರು.

ಒಂದು ಕೊಡ ತುಂಬಿತು. ಸಾಕೆಂದು ನಾನು ಎದ್ದೆ. ಆಕೆ ಹಗ್ಗ ಬಿಡದೆ, “ಎಲ್ಲಿಗೋಯ್ತೀರಿ ಸಾಮಿ, ಒಸಿ ಕುಂತ್ಕಳಿ, ನೋಡಿ” ಎಂದು ಕೇರಿಯ ಕಡೆ ತಿರುಗಿ ಕೂಗಿದಳು. ಕೊಡ, ಗಡಿಗೆ, ಬಾನಿ ಎಲ್ಲ ಮೆರವಣಿಗೆ ಬಂದವು. ಕೇರಿಯ ಕೊನೆಯ ಗಡಿಗೆ ತುಂಬುವ ತನಕ ಬಾವಿ ಕಟ್ಟೆಯ ಮೇಲೆ ಕೂತು ನೋಡುವುದೇ ನನ್ನ ಕೆಲಸವಾಯಿತು. ಜೀವಮಾನದಲ್ಲಿ ನನ್ನ ಕಣ್ಣಿಗೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು.

ಆ ಬೇಸಿಗೆಯಲ್ಲಿ ಇನ್ನೆರಡು ಸಲ ಹೇಳದೆ ಕೇಳದೆ ಹೋದೆ. ಬಸ್ಸು ಕಂಡರೆ ಸಾಕು, ತಳವಾರ ಹೆಂಗಸರನ್ನು ಬಾವಿಗೆ ಕರೆತರಲು ಕೇರಿಗೆ ಓಡುತ್ತಿದ್ದ. ಆಮೇಲೆ ನನಗೆ ಕೆ.ಆರ್. ನಗರದ ನಾಲೆ ಬಯಲಿನ ಹಳ್ಳಿಗಳ ಕೆಲಸ ಬಿತ್ತು. ಮುಂದಿನ ಬೇಸಿಗೆಯವರೆಗೂ ಅತ್ತ ತಲೆಹಾಕಲಾಗಲಿಲ್ಲ. ಆ ಕೊಡಗಳ ಗತಿ ಏನಾಯಿತೋ ಎಂಬ ಚಿಂತೆ ಮಾತ್ರ ಬಿಡಲಿಲ್ಲ.

ಕೊನೆಗೊಂದು ದಿನ ಹೋಗಿ ಇಳಿದೆ. ತಳವಾರ ಓಡಲಿಲ್ಲ, ಜಗಲಿಯಲ್ಲಿ ತೂಕಡಿಸುತ್ತಿದ್ದ. ಬಾವಿಯಲ್ಲಿ ಅದೇ ಹೆಂಗಸು, ಕೇರಿಯ ಇತರರ ಜೊತೆ ಆರಾಮಾಗಿ ನೀರು ಸೇದುತ್ತಿದ್ದಳು! ನನಗೆ ಕುಣಿಯುವಷ್ಟು ಖುಷಿ. ಪಟೇಲರು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಸ್ವಾಮಿ, ದಿನಾ ಬೆಳಗಾದ್ರೆ ಆಯಮ್ಮ ಕೊಡ ತಂದು, ‘ಇವತ್ತು ಬಡತನ ಕೇಳೋರು ಬತ್ತಾರಂತೆ ಬುದ್ಧೀ’ ಅಂತಾಳೆ. ಓಡಿಸ್ಬುಟ್ರೆ, ಅವತ್ತೇ ನೀವು ಬಂದು ನಿಂತ್ರೆ? ನನ್ ಮೇಲೆ ಕೇಸು. ವರ್ಸ ಆಯ್ತು, ನೀವು ಬರ್ಲೂ ಇಲ್ಲ, ಅವ್ಳು ಏಳೋದು ಬುಡ್ಲೂ ಇಲ್ಲ. ಈಗಾದ್ರೂ ಬಂದ್ರಲ್ಲ. ಇನ್ಮೇಲೆ ಬರಾಕಿಲ್ಲ ಅಂತ ಒಂದ್ಮಾತು ಏಳ್ಬುಟ್ಟು ಓಗಿ.”

ಅತ್ತ ರಾಟೆಯ ಸದ್ದು ನಿಂತಿತು. ಆಕೆ ನನ್ನ ಕಡೆ ತಿರುಗಲಿಲ್ಲ. ಹಗ್ಗ ಮಾತ್ರ ಕೈಯಲ್ಲಿ ಬಿಗಿಯಾಗಿತ್ತು, ಕೊಡ ಬಾವಿಯ ಅರ್ಧದಲ್ಲಿ ತೂಗುತ್ತಿತ್ತು.

“ಹಾಗೆ ಹೇಳೋಕಾಗಲ್ಲ ಪಟೇಲರೇ,” ಅಂದೆ, ಅವಳಿಗೂ ಕೇಳುವಷ್ಟು ಗಟ್ಟಿಯಾಗಿ. “ನಮ್ಮ ಪ್ರೊಫೆಸರ ಕುತೂಹಲ ನಿಮಗೆ ಗೊತ್ತಿಲ್ಲ. ನಾಳೆಯೇ ಬಂದರೂ ಬಂದೆ.”

ರಾಟೆ ಮತ್ತೆ ಕಿರ್ರೆಂದಿತು. ಆಕೆ ತುಂಬಿದ ಕೊಡವನ್ನು ಕಟ್ಟೆಯ ಮೇಲಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಪಟೇಲರನ್ನು ನೋಡಿ ಬಹಳ ವಿನಯದಿಂದ ಅಂದಳು:

“ನಾನೇಳ್ಲಿಲ್ವಾ ಬುದ್ಧೀ, ಬತ್ತಾರೆ ಅಂತ!”