ಪೈಲಟ್ ಹುಡುಗಿಯ ಬ್ಯಾಗಿಗೆ ಕೈ ಹಾಕಿದ್ದು

ಮನುಷ್ಯನಿಗೆ ತನ್ನ ಯಾವುದಾದರೊಂದು ವಿದ್ಯೆಯ ಬಗ್ಗೆ ಸ್ವಲ್ಪ ಜಂಬ ಇರಬೇಕು ಅಂತ ಕಾಣುತ್ತದೆ, ಇಲ್ಲದಿದ್ದರೆ ಬದುಕು ಸಪ್ಪೆ. ಕೆಲವರಿಗೆ ತಾವು ಕುದಿಸುವ ಚಹಾದ ಬಗ್ಗೆ ಜಂಬ, ಕೆಲವರಿಗೆ ಸಂತೆಯಲ್ಲಿ ಚೌಕಾಸಿ ಮಾಡುವ ಚಾತುರ್ಯದ ಬಗ್ಗೆ. ದಾವಣಗೆರೆ ವಿನೋಬನಗರದ ನಮ್ಮ ಓಣಿಯಲ್ಲಿ ಒಬ್ಬರಿಗೆ ತಮ್ಮ ಗೊರಕೆ ಯಾರಿಗೂ ಕೇಳಿಸುವುದಿಲ್ಲ ಎಂಬ ಬಗ್ಗೆಯೇ ಜಂಬ. ನನ್ನದು ಬ್ಯಾಗು ತುಂಬುವ ವಿದ್ಯೆ. ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಪ್ರತಿನಿಧಿಯಾಗಿ ಮೂವತ್ತು ವರ್ಷ ರಾಣೆಬೆನ್ನೂರು, ಹರಪನಹಳ್ಳಿ, ಹೊಸದುರ್ಗ ಅಂತ ಬಸ್ಸಿನಲ್ಲಿ ಅಲೆದವನು ನಾನು. ಒಂದೇ ಬ್ಯಾಗಿನಲ್ಲಿ ವಾಲ್ವು, ವಾಷರು, ಬಿಲ್ ಬುಕ್ಕು, ಎರಡು ಜೊತೆ ಬಟ್ಟೆ, ಲುಂಗಿ, ಬುತ್ತಿ ಎಲ್ಲವೂ ಕೂರುತ್ತಿದ್ದವು. ಸಾಕ್ಸಿನೊಳಗೆ ಶೇವಿಂಗ್ ಬ್ರಷ್ಷು, ಬ್ರಷ್ಷಿನ ಡಬ್ಬಿಯೊಳಗೆ ಸೂಜಿ-ದಾರ. ಬ್ಯಾಗಿನಲ್ಲಿ ಖಾಲಿ ಜಾಗ ಕಂಡರೆ ನನಗೆ ಈಗಲೂ ಕೈ ಕಡಿಯುತ್ತದೆ.

ನೆಂಟರಿಷ್ಟರಲ್ಲಿ ಯಾರೇ ಊರಿಗೆ ಹೊರಟರೂ ಬ್ಯಾಗು ತುಂಬಲು ನನಗೆ ಕರೆ ಬರುತ್ತದೆ ಅಂತ ನಾನು ಹೇಳಿಕೊಳ್ಳುತ್ತೇನೆ. ಕರೆಯದಿದ್ದರೂ ಹೋಗುತ್ತಾರೆ ಅಂತ ನನ್ನ ಹೆಂಡತಿ ತಿದ್ದುತ್ತಾಳೆ. ಶಾಮನೂರಿನ ಒಂದು ಮದುವೆಯಲ್ಲಿ ಜಾಗ ಉಳಿಸಲೆಂದು ಮದುಮಗನ ರೇಷ್ಮೆ ಪಂಚೆಯನ್ನು ಬೀಗರಿಗೆ ಕೊಡುವ ಹಿತ್ತಾಳೆ ಕೊಡದೊಳಗೆ ಮಡಚಿಟ್ಟಿದ್ದೆ. ಮುಹೂರ್ತದ ಹೊತ್ತಿಗೆ ನಾನು ಊಟದ ಪಂಕ್ತಿಯಲ್ಲಿ ಯಾರಿಗೋ ರಾಜಕೀಯ ವಿವರಿಸುತ್ತ ಕೂತಿದ್ದರಿಂದ ಮದುಮಗ ಪ್ಯಾಂಟಿನಲ್ಲೇ ಹಸೆಮಣೆ ಏರುವ ಪರಿಸ್ಥಿತಿ ಬಂದಿತ್ತು. ಅದು ಕೊಡದ ತಪ್ಪೇ ಹೊರತು ನನ್ನ ತಪ್ಪಲ್ಲ ಅಂತಲೇ ಇವತ್ತಿಗೂ ನನ್ನ ವಾದ.

ಇಂಥ ನನಗೆ ಹರಿಹರದಲ್ಲಿರುವ ಅಕ್ಕನ ಮಗಳು ಪವಿತ್ರಾ ವಿಮಾನದ ಪೈಲಟ್ ಆದ ಸುದ್ದಿ ಬಂತು. ನಮ್ಮ ವಂಶದಲ್ಲಿ ಅಲ್ಲಿಯತನಕ ಎಲ್ಲರಿಗಿಂತ ಎತ್ತರಕ್ಕೆ ಹೋದವರೆಂದರೆ ತೆಂಗಿನ ಮರ ಹತ್ತುತ್ತಿದ್ದ ನಮ್ಮ ಚಿಕ್ಕಪ್ಪ. ಭಾವನವರು ವರ್ಕ್‌ಶಾಪಿನಲ್ಲಿ ಲೇತ್ ಮಶಿನ್ನಿನ ಮುಂದೆ ಆಯುಷ್ಯ ಕಳೆದವರು. ಹುಡುಗಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಮಿಕ್ಸಿಯ ಸದ್ದಿನ ನಡುವೆ, ಗಾಳಿ, ಮೋಡ, ಎಂಜಿನ್ನು ಅಂತ ಓದಿ ಓದಿ ಪಾಸಾದಳು. ಒಮ್ಮೆ ಫೇಲಾದಳು, ಮತ್ತೆ ಕೂತಳು. ಅತ್ತದ್ದನ್ನು ನಾನಂತೂ ನೋಡಲಿಲ್ಲ. ಅವಳ ಬಗ್ಗೆ ನನಗೆ ಎಷ್ಟು ಹೆಮ್ಮೆ ಅಂದರೆ, ವಿನೋಬನಗರದ ಮೇಲೆ ಹಾದುಹೋಗುವ ಪ್ರತಿ ವಿಮಾನವನ್ನೂ ತೋರಿಸಿ 'ನಮ್ಮ ಹುಡುಗಿ' ಅನ್ನುತ್ತಿದ್ದೆ. ಆಗಿನ್ನೂ ಅವಳು ತರಬೇತಿಯಲ್ಲಿದ್ದಳು.

ತರಬೇತಿ ಮುಗಿಸಿ ಮೂರು ದಿನಕ್ಕೆಂದು ಮನೆಗೆ ಬಂದಿದ್ದವಳು ಅವತ್ತು ಮಧ್ಯಾಹ್ನದ ರೈಲಿಗೆ ಬೆಂಗಳೂರಿಗೆ ಹೊರಡಬೇಕಿತ್ತು. ಮರುದಿನ ಬೆಳಿಗ್ಗೆ ಸಹಪೈಲಟ್ ಆಗಿ ಅವಳ ಮೊದಲ ಡ್ಯೂಟಿ. ನಾಲ್ಕು ದಿನ, ನಾಲ್ಕು ಊರು. ನಾನು ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಹರಿಹರಕ್ಕೆ ಹೋದೆ. ಅವಳ ಬ್ಯಾಗು ಆಗಲೇ ಸಿದ್ಧವಾಗಿತ್ತು. ಅದೇ ನನಗೆ ಮೊದಲ ಪೆಟ್ಟು. ಎರಡನೆಯ ಪೆಟ್ಟು, ಅದರಲ್ಲಿ ಮೂರನೇ ಒಂದು ಭಾಗ ಖಾಲಿ ಇತ್ತು.

"ಏನವ್ವಾ ಇದು, ನಾಲ್ಕು ದಿನಕ್ಕ ಇಷ್ಟೇನಾ?" ಅಂದೆ.

"ಇಷ್ಟೇ ಮಾಮ. ಬ್ಯಾಗ್ ನಾನೇ ಎತ್ತಬೇಕು, ನಾನೇ ಎಳೀಬೇಕು. ಬೆಳಿಗ್ಗೆ ಕಣ್ಣು ಮುಚ್ಚಿ ಕೈ ಹಾಕಿದ್ರೂ ಬೇಕಾದ್ದು ಸಿಗಬೇಕು" ಅಂದಳು.

ಮುಚ್ಚಳದ ಒಳಬದಿಗೆ ಒಂದು ಪಟ್ಟಿ ಅಂಟಿಸಿದ್ದಳು. ಲೈಸೆನ್ಸು, ಮೆಡಿಕಲ್ ಸರ್ಟಿಫಿಕೇಟು, ಪಾಸ್‌ಪೋರ್ಟು, ಗುರುತಿನ ಚೀಟಿ, ಹೆಡ್‌ಸೆಟ್ಟು, ಟಾರ್ಚು, ಹೊಳೆಯುವ ಹಳದಿ ಜಾಕೆಟ್ಟು, ಲೆಕ್ಕಕ್ಕಿಂತ ಒಂದು ಹೆಚ್ಚು ಬಿಳಿ ಅಂಗಿ, ಸಹಪೈಲಟ್ ಅಂತ ಸಾರುವ ಎರಡು ಗೆರೆಯ ಹೆಗಲ ಪಟ್ಟಿ, ಒಂದು ಸ್ವೆಟರು, ಎರಡು ಪೆನ್ನು, ಎರಡು ಕನ್ನಡಕ. ಎಲ್ಲಕ್ಕೂ ಅದರದೇ ಜಾಗ. ಮೂವತ್ತು ವರ್ಷದ ಅನುಭವಸ್ಥನಾಗಿ ನಾನು ಆ ಶಿಸ್ತಿಗೆ ಮನಸ್ಸಿನಲ್ಲೇ ತಲೆಬಾಗಿದೆ. ಆದರೆ ಖಾಲಿ ಜಾಗದಿಂದ ಕಣ್ಣು ಕೀಳಲಾಗಲಿಲ್ಲ.

ಅಷ್ಟರಲ್ಲಿ ಅಕ್ಕ ಗುಡಿಯಿಂದ ಬಂದು ಪ್ರಸಾದದ ಕೊಬ್ಬರಿ ಬಟ್ಟಲು ಮುಂದಿಟ್ಟಳು. ಪವಿತ್ರಾ ನಕ್ಕಳು. "ಅವ್ವ, ಕೊಬ್ಬರಿ ವಿಮಾನಕ್ಕ ಬಿಡಂಗಿಲ್ಲ. ಅದರಾಗ ಎಣ್ಣೆ ಐತೆ, ಬೆಂಕಿ ಹತ್ತತೈತೆ ಅಂತಾರೆ." ದೇವರ ಕೊಬ್ಬರಿಗೆ ಬೆಂಕಿಯ ಅಪವಾದ ಹೊರಿಸಿದ್ದಕ್ಕೆ ಅಕ್ಕ ಐದು ನಿಮಿಷ ಮಾತು ಬಿಟ್ಟಳು. ಆಮೇಲೆ ಬುತ್ತಿ ಬಂತು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಬೆಣ್ಣೆ, ಒಂದು ಚೀಲ ಮಂಡಕ್ಕಿ. ನಮ್ಮ ಕಡೆ ಬುತ್ತಿ ಬಿಚ್ಚಿದ ಮೇಲೆ ಪಕ್ಕದವರಿಗೆ ಕೊಡದೆ ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ "ಕ್ಯಾಪ್ಟನ್ ಸಾಹೇಬರಿಗೂ ನಾಲ್ಕು ರೊಟ್ಟಿ ಇರ್ಲಿ, ಪಾಪ, ಅವರೂ ಮನಿ ಬಿಟ್ಟು ಬಂದಿರ್ತಾರೆ" ಅಂದೆ.

"ಇಬ್ಬರು ಪೈಲಟ್ ಒಂದೇ ಊಟ ಮಾಡಂಗಿಲ್ಲ ಮಾಮ. ಒಬ್ಬರ ಹೊಟ್ಟೆ ಕೆಟ್ಟರೆ ಇನ್ನೊಬ್ಬರದು ಸರಿ ಇರಬೇಕಲ್ಲ" ಅಂದಳು.

ಅಕ್ಕಪಕ್ಕ ಕೂತವರು ಹಂಚಿಕೊಂಡು ತಿನ್ನದ ಉದ್ಯೋಗವೊಂದು ಲೋಕದಲ್ಲಿ ಇದೆ ಅಂತ ನನಗೆ ಅವತ್ತೇ ತಿಳಿದದ್ದು. ಪವಿತ್ರಾ ಮತ್ತೆ ಹೇಳಿದಳು: "ಮಾಮ, ಪ್ಯಾಕ್ ಆಗೇತೆ. ಮತ್ತೇನೂ ತುಂಬೋದು ಬ್ಯಾಡ." ಮೆತ್ತಗೆ ಹೇಳಿದಳು. ಹಿರಿಯರಿಗೆ ಹೇಗೆ ಹೇಳಬೇಕೋ ಹಾಗೆ. ಮೆತ್ತಗೆ ಹೇಳಿದ್ದು ನನಗೆ ಕೇಳಿಸುವುದಿಲ್ಲ ಅಂತ ಅವಳಿಗೆ ಗೊತ್ತಿರಬೇಕಿತ್ತು.

ಅವಳು ಎದುರುಮನೆಯ ಅಜ್ಜಿಯ ಆಶೀರ್ವಾದಕ್ಕೆ ಹೋದಳು. ಕೋಣೆಯಲ್ಲಿ ನಾನು ಮತ್ತು ಬ್ಯಾಗು, ಇಬ್ಬರೇ. ಖಾಲಿ ಜಾಗದಲ್ಲಿ ರೊಟ್ಟಿ, ಎಣ್ಣೆಗಾಯಿ ಸಲೀಸಾಗಿ ಕೂತವು. ಮಂಡಕ್ಕಿ ಮಾತ್ರ ಹಟ ಹಿಡಿಯಿತು. ಆಗ ಪಟ್ಟಿಯನ್ನು ವಿಮರ್ಶೆಯ ಕಣ್ಣಿನಿಂದ ನೋಡಿದೆ. ಟಾರ್ಚು ಯಾಕೆ? ಅಷ್ಟು ದೊಡ್ಡ ವಿಮಾನದಲ್ಲಿ ದೀಪ ಇರುವುದಿಲ್ಲವೇ? ರಸ್ತೆ ಕೆಲಸದವರು ಹಾಕುವಂಥ ಹಳದಿ ಜಾಕೆಟ್ಟು ಯಾಕೆ? ಇರುವುದೊಂದು ಮೂಗು, ಅದಕ್ಕೆ ಎರಡು ಕನ್ನಡಕ ಯಾಕೆ? ಒಂದು ಅವಳ ಮುಖದ ಮೇಲೇ ಇತ್ತಲ್ಲ. ಮೂರನ್ನೂ ತೆಗೆದೆ. ಮಂಡಕ್ಕಿ ಒಳಗೆ ಹೋಯಿತು. ಜಿಪ್ಪು ಸ್ವಲ್ಪ ನರಳಿ ಮುಚ್ಚಿಕೊಂಡಿತು. ತೆಗೆದದ್ದನ್ನು ಅಲ್ಲೇ ಬಿಟ್ಟರೆ ಅವಳ ಕಣ್ಣಿಗೆ ಬೀಳುತ್ತದೆಂದು ನನ್ನ ಸ್ಕೂಟರಿನ ಡಿಕ್ಕಿಗೆ ಸೇರಿಸಿದೆ. ಊಟ ಮುಗಿದ ಕೂಡಲೇ ದಾವಣಗೆರೆಯಲ್ಲಿ ತುರ್ತು ಕೆಲಸವಿದೆ ಅಂತ ಹೊರಟೆ. ನಿವೃತ್ತನಿಗೆ ಎಂಥ ತುರ್ತು ಕೆಲಸ ಅಂತ ಯಾರೂ ಕೇಳಲಿಲ್ಲ. ಸಿಕ್ಕಿಬೀಳುವ ಭಯ ಆಗಲೇ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ವಿನೋಬನಗರ ಮುಟ್ಟಿ ಸ್ಕೂಟರ್ ನಿಲ್ಲಿಸುತ್ತಿದ್ದಂತೆ ಫೋನು ಹೊಡೆದುಕೊಂಡಿತು.

"ಮಾಮ, ನಾನು ಹರಿಹರ ಸ್ಟೇಷನ್ನಾಗ ಅದೀನಿ. ಪಟ್ಟಿ ಹಿಡಿದು ಬ್ಯಾಗ್ ನೋಡ್ದೆ. ಕನ್ನಡಕದ ಡಬ್ಬಿ ನಿಮ್ಮ ಹತ್ರ ಐತೇನ್ರಿ?"

"ಅದು... ಅಲ್ಲೇ ಎಲ್ಲೋ ಇರಬೇಕು ನೋಡವ್ವಾ" ಅಂದೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಸುಳ್ಳು ಹೇಳಿದರೆ ಕಿವಿ ಬಿಸಿಯಾಗುತ್ತದೆ.

ಅವಳು ಕೂಗಾಡಲಿಲ್ಲ. "ಮಾಮ, ಕೇಳ್ರಿ. ನನ್ನ ಮೆಡಿಕಲ್‌ನಾಗ ಬರೆದೈತೆ, ಎರಡನೇ ಕನ್ನಡಕ ಜೊತಿಗೆ ಇಲ್ಲ ಅಂದ್ರೆ ನಾನು ವಿಮಾನ ಹಾರಿಸಂಗಿಲ್ಲ. ನಾಳೆ ನಸುಕಿಗೇ ಡ್ಯೂಟಿ. ಅಷ್ಟರಾಗ ಹೊಸದು ಮಾಡಿಸಾಕ ಆಗಲ್ಲ. ಮೊದಲನೇ ದಿನಾನೇ ನಾನು ಬರಲ್ಲ ಅಂತ ಹೇಳಬೇಕಾಗತೈತೆ. ಈಗ ಹೇಳ್ರಿ, ಕನ್ನಡಕ?"

"ಐತವ್ವಾ. ಡಿಕ್ಕಿಯಾಗ."

"ಟಾರ್ಚು?"

"ಐತೆ."

"ಜಾಕೆಟ್?"

"ಅದೂ ಐತೆ."

"ಸರಿ. ರೈಲು ಬರೋ ಹೊತ್ತಾತು. ಇಲ್ಲಿಂದ ಹತ್ತು-ಹದಿನೈದು ನಿಮಿಷಕ್ಕ ದಾವಣಗೆರೆ. ಎರಡೇ ನಿಮಿಷ ನಿಲ್ಲತೈತೆ. ಇಂಜಿನ್ನಿಂದ ನಾಲ್ಕನೇ ಡಬ್ಬಿ, ಮುಂದಿನ ಬಾಗಿಲು. ನಾನು ಬಾಗಿಲಾಗ ಇರ್ತೀನಿ. ಗಾಡಿ ಜೋರು ಓಡಿಸಬ್ಯಾಡ್ರಿ, ಟೈಮ್ ಐತೆ."

ಅವಳ ದನಿಯಲ್ಲಿ ನಡುಕವಿರಲಿಲ್ಲ. ವರ್ಷಗಟ್ಟಲೆ ಓದಿದ್ದು, ಭಾವನವರು ಲೇತಿನ ಮುಂದೆ ನಿಂತು ನಿಂತು ಮೊಣಕಾಲು ಸವೆಸಿದ್ದು, ಎಲ್ಲವೂ ನನ್ನ ಒಂದು ಚೀಲ ಮಂಡಕ್ಕಿಯಿಂದ ಮಣ್ಣುಪಾಲಾಗುವುದರಲ್ಲಿತ್ತು. ಅಂಥ ಹೊತ್ತಿನಲ್ಲೂ ಅವಳು ನನಗೆ ಗಾಡಿ ನಿಧಾನ ಓಡಿಸಲು ಹೇಳಿದಳಲ್ಲ! ಆ ಹುಡುಗಿ ಹಾರಿಸುವ ವಿಮಾನದಲ್ಲಿ ನಾನು ಕಣ್ಣುಮುಚ್ಚಿ ಕೂರುತ್ತೇನೆ ಅಂತ ಆ ಕ್ಷಣವೇ ಅನ್ನಿಸಿತು.

ಪಿ.ಬಿ. ರಸ್ತೆಯಲ್ಲಿ ಆಟೋಗಳು, ಟ್ರ್ಯಾಕ್ಟರು, ಯಾರದೋ ಮೆರವಣಿಗೆ. ಮೂವತ್ತು ವರ್ಷದಲ್ಲಿ ಬೈಯದಷ್ಟು ಜನರನ್ನು ಒಂದೇ ದಾರಿಯಲ್ಲಿ ಬೈದೆ. ಸ್ಟೇಷನ್ ಹೊರಗೆ ಸ್ಕೂಟರ್ ನಿಲ್ಲಿಸಿ, ಪ್ಲಾಟ್‌ಫಾರ್ಮ್ ಟಿಕೆಟ್ಟಿನ ಸಾಲಿನಲ್ಲಿ ಎಲ್ಲರಿಗೂ ಕೈ ಮುಗಿದು ಮುಂದೆ ನುಗ್ಗಿ, ಏದುಸಿರು ಬಿಡುತ್ತ ಒಳಗೆ ಹೋದಾಗ ರೈಲು ಬಂದೇ ಬಿಟ್ಟಿತ್ತು. ಕೈಯಲ್ಲಿ ಹಿಡಿದರೆ ಬಿದ್ದೀತೆಂದು ಹಳದಿ ಜಾಕೆಟ್ಟನ್ನು ಮೈಮೇಲೇ ಹಾಕಿಕೊಂಡಿದ್ದೆ. ಒಬ್ಬ ಹೆಂಗಸು ನನ್ನನ್ನು ರೈಲ್ವೆಯವನೆಂದು ತಿಳಿದು ಜನರಲ್ ಬೋಗಿ ಎಲ್ಲಿ ಅಂತ ಕೇಳಿದಳು. ಹಿಂದೆ ಎಲ್ಲೋ ಕೈ ತೋರಿಸಿದೆ. ಅದು ಮುಂದಿತ್ತೋ ಏನೋ, ದೇವರೇ ಬಲ್ಲ.

ನಾಲ್ಕನೇ ಡಬ್ಬಿ, ಮುಂದಿನ ಬಾಗಿಲು. ಅವಳು ನಿಂತಿದ್ದಳು. ಕನ್ನಡಕದ ಡಬ್ಬಿ ತೆಗೆದುಕೊಂಡು ಮೊದಲು ತೆರೆದು ನೋಡಿದಳು. ಒಳಗೆ ಕನ್ನಡಕ ಇತ್ತು. ಟಾರ್ಚು ಒತ್ತಿ ನೋಡಿದಳು. ಉರಿಯಿತು. ಜಾಕೆಟ್ಟು ಬಿಚ್ಚಿಕೊಟ್ಟೆ. "ಬುತ್ತಿ ಎಲ್ಲಾ, ಸ್ಟೇಷನ್ನಿಗೆ ಬಿಡಾಕ ಬಂದಿದ್ದ ಅಪ್ಪಾಜಿ ಕೈಯಾಗ ವಾಪಸ್ ಕಳಿಸಿದೆ. ಚಟ್ನಿಪುಡಿ ಒಂದು ಇಟ್ಕೊಂಡೀನಿ" ಅಂದಳು.

"ತಪ್ಪಾತು ಪವೀ" ಅಂದೆ. ನನ್ನ ಬಾಯಿಂದ ಆ ಮಾತು ಕೇಳಿದವರು ಊರಲ್ಲಿ ಹೆಚ್ಚು ಜನ ಇಲ್ಲ.

"ನಂದೂ ತಪ್ಪು ಐತೆ ಮಾಮ. ಎದುರುಮನಿಗೆ ಹೋಗೋವಾಗ್ಲೇ ನಿಮ್ಮ ಕೈ ಬ್ಯಾಗಿನ ಮ್ಯಾಲೆ ಇದ್ದದ್ದು ನೋಡಿದ್ದೆ. ಹಿರಿಯರು, ಬ್ಯಾಡ ಅಂತ ಗಟ್ಟಿಯಾಗಿ ಹೆಂಗ ಹೇಳೋದು ಅಂತ ಸುಮ್ಮನಾದೆ. ನಮಗ ಮೊದಲು ಕಲಿಸೋದೇ ಅದನ್ನ. ಕ್ಯಾಪ್ಟನ್ ಎಷ್ಟೇ ಹಿರಿಯರಿರ್ಲಿ, ತಪ್ಪು ಕಂಡರೆ ಬಾಯಿಬಿಟ್ಟು ಹೇಳಬೇಕು. ನಾಳೆ ಅಲ್ಲಿ ಸುಮ್ಮನಿದ್ರೆ ನಡೆಯಂಗಿಲ್ಲ." ರೈಲು ಅಲುಗಾಡಿತು. ಅವಳು ನನ್ನ ಕಣ್ಣನ್ನೇ ನೋಡಿ, ಈ ಸಲ ಮೆತ್ತಗಲ್ಲ, ಗಟ್ಟಿಯಾಗಿ ಹೇಳಿದಳು: "ಇನ್ಮ್ಯಾಲೆ ನನ್ನ ಬ್ಯಾಗ್ ಮುಟ್ಟಬ್ಯಾಡ್ರಿ ಮಾಮ."

ಪ್ಲಾಟ್‌ಫಾರ್ಮಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ಕಣ್ಣು ತುಂಬಿ ಬಂತು. ನಾಳೆ ಇದೇ ದನಿಯಲ್ಲಿ ಒಬ್ಬ ದೊಡ್ಡ ಮನುಷ್ಯನಿಗೆ ತಪ್ಪು ತೋರಿಸಬಲ್ಲವಳು ನಮ್ಮ ಹುಡುಗಿ ಅಂತ ಆ ಹೆಂಗಸಿಗೂ ಹೇಳಬೇಕೆನ್ನಿಸಿತು. ಆದರೆ ಅವಳು ಜನರಲ್ ಬೋಗಿ ಹುಡುಕುತ್ತ ಎತ್ತಲೋ ಹೋಗಿದ್ದಳು.

ಮರುದಿನ ಮಧ್ಯಾಹ್ನ ಪವಿತ್ರಾಳ ಸಂದೇಶ ಬಂತು: "ಎರಡು ಸಲ ಹಾರಿಸಿದೆ, ಎರಡು ಸಲ ಇಳಿಸಿದೆ. ಎಲ್ಲಾ ಸರಿ ಆತು." ನಾನು ಅದನ್ನು ಹೆಂಡತಿಗೆ ಓದಿ ಹೇಳಿ, ಹಿಂದಿನ ದಿನದ ಕಥೆಯನ್ನೂ ಕಣ್ಣೊರೆಸಿಕೊಳ್ಳುತ್ತ ವರ್ಣಿಸಿದೆ. ಅವಳು ಸಂಜೆಯ ಬಸ್ಸಿಗೆ ತಂಗಿಯ ಮನೆಗೆಂದು ನಂದಿಗುಡಿಗೆ ಹೊರಟಿದ್ದಳು. ಸೀರೆ ಮಡಚುತ್ತಲೇ ಕೇಳಿಸಿಕೊಂಡಳು.

"ಇಪ್ಪತ್ತೆಂಟು ವರ್ಷದಿಂದ ನಾನೂ ಅದನ್ನೇ ಹೇಳಾಕ ಹತ್ತೀನಿ, ಬ್ಯಾಗ್ ಮುಟ್ಟಬ್ಯಾಡ್ರಿ ಅಂತ. ಅವಳು ಒಂದು ಸಲ ಹೇಳಿದ್ದಕ್ಕ ಕಣ್ಣಾಗ ನೀರು ಬಂತು. ನನ್ನ ಹೆಗಲ ಮ್ಯಾಲೂ ಎರಡು ಪಟ್ಟಿ ಇದ್ದಿದ್ರೆ ಆವಾಗಲೇ ಕೇಳಿಸ್ತಿತ್ತೇನೋ ನಿಮಗ" ಅಂದಳು.

ಅವಳ ಬ್ಯಾಗಿನ ಒಂದು ಮೂಲೆಯಲ್ಲಿ ಎರಡು ಸೀರೆಯಷ್ಟು ಜಾಗ ಖಾಲಿ ಇತ್ತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವಳು ಜಿಪ್ಪು ಎಳೆಯುವತನಕ ಗೋಡೆ ನೋಡುತ್ತ ನಿಂತೆ.