ಜರ್ಮನ್ ಶಿಲುಬೆ ಮತ್ತು ಬಿಸ್ಕತ್ ಡಬ್ಬ

ನವರಾತ್ರಿಗೆ ಮುಂಚಿನ ಶನಿವಾರ ಇಂಗ್ಲೆಂಡಿನ ಸಾಲ್ಫರ್ಡ್‌ನ ನಮ್ಮ ಫ್ಲಾಟಿನಿಂದ ಒಂದು ಅಯಸ್ಕಾಂತ ನಾಪತ್ತೆಯಾಯಿತು. ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಣೆಗೆ ಒಳಪಡಿಸಲಾಯಿತು. ಮಧ್ಯಾಹ್ನದ ಹೊತ್ತಿಗೆ ಅದು ಫ್ರಿಜ್ಜಿನ ಬಾಗಿಲ ಮೇಲೆ, ಯಾವ ವಾರ ಯಾವ ಬಣ್ಣದ ಕಸದ ಬಿನ್ ಹೊರಗಿಡಬೇಕೆಂಬ ಕೌನ್ಸಿಲ್ ಚೀಟಿಯನ್ನು ಹಿಡಿದುಕೊಂಡ ಸ್ಥಿತಿಯಲ್ಲಿ ಪತ್ತೆಯಾಯಿತು. ಯಾವುದೇ ಪ್ರಾಣಹಾನಿ ವರದಿಯಾಗಿಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಪದಕಗಳ ಅಸಲಿ ನಕಲಿ ಪರೀಕ್ಷಿಸುವವನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

೧. ಅಯಸ್ಕಾಂತ

ವಾರವಿಡೀ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ನಾನು ವಾರಾಂತ್ಯದಲ್ಲಿ ಪದಕಗಳಲ್ಲಿ ಹುಡುಕುತ್ತೇನೆ. ಜನ ಹಳೆಯ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರುವ ಲೀಡ್ಸ್‌ನ ಕಾರ್ ಬೂಟ್ ಸೇಲಿನಲ್ಲಿ ನನಗೊಂದು ಕಬ್ಬಿಣದ ಶಿಲುಬೆ, ಅಂದರೆ ಜರ್ಮನ್ ಸೈನಿಕರಿಗೆ ಕೊಡುತ್ತಿದ್ದ ಐರನ್ ಕ್ರಾಸ್ ಪದಕ, ರಿಬ್ಬನ್ ಸಮೇತ ಸಿಕ್ಕಿತ್ತು. ಅದರ ಮೇಲೆ ನನ್ನ ಮಾನವೇ ನಿಂತಿತ್ತು. ನಮ್ಮ ಸಂಗ್ರಾಹಕರ ಸಂಘದಲ್ಲಿ ಪರೀಕ್ಷಕನಾಗಬೇಕಾದವನು ತಾನು ಅಸಲಿ ಎಂದು ಹೇಳುವ ಒಂದು ಪದಕ ತಂದು ಎಲ್ಲರೆದುರು ಗೆಲ್ಲಿಸಬೇಕು. ಗೆದ್ದರೆ ಪದಕ ಮಖಮಲ್ಲಿನ ತಟ್ಟೆಗೆ. ಸೋತರೆ ತಂದವನ ಹೆಸರಿನ ಚೀಟಿಯೊಂದಿಗೆ ಹಳೆಯ ಬಿಸ್ಕತ್ ಡಬ್ಬಕ್ಕೆ.

ನನಗೆ ಅನುಮಾನವೇ ಇರಲಿಲ್ಲ. ಅಸಲಿ ಶಿಲುಬೆಯ ಒಡಲು ಸಾಮಾನ್ಯವಾಗಿ ಕಬ್ಬಿಣದ್ದು, ಸುತ್ತ ಬೆಳ್ಳಿಯ ಅಂಚು ಬೆಸೆದಿರುತ್ತಾರೆ. ಅಗ್ಗದ ನಕಲಿಯನ್ನು ಬೇರೆ ಲೋಹದಲ್ಲಿ ಒಂದೇ ಅಚ್ಚಿಗೆ ಎರೆದಿರುತ್ತಾರೆ, ಅದನ್ನು ಅಯಸ್ಕಾಂತ ಮೂಸಿಯೂ ನೋಡುವುದಿಲ್ಲ. ಇದನ್ನೆಲ್ಲ ಹೆಂಡತಿಗೆ ವಿವರಿಸಿ ಅಯಸ್ಕಾಂತವನ್ನು ಶಿಲುಬೆಯ ಹತ್ತಿರ ತಂದೆ. ಟಕ್ಕನೆ ಅಂಟಿಕೊಂಡಿತು.

"ನೋಡು, ಅಸಲಿ."

"ಹಾಗಾದ್ರೆ ನಮ್ಮ ಫ್ರಿಜ್ಜೂ ಅಸಲಿನೇ," ಅಂದಳು. "ಅದನ್ನ ವಾಪಸ್ ಕೊಡಿ. ನಾಳೆ ನೀಲಿ ಬಿನ್ನೋ ಕಂದು ಬಿನ್ನೋ ಗೊತ್ತಾಗ್ತಿಲ್ಲ."

೨. ಚುಕ್ಕಿ

ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಪದಕ ಗೋಡೆ ಏರಕೂಡದು, ಡ್ರಾಯರಿನಲ್ಲೇ ಇರಬೇಕು ಎಂಬುದು ಹೆಂಡತಿಯ ಕಾನೂನು. ಚಮಚ ಹುಡುಕುತ್ತ ಅತ್ತೆ ಅದೇ ಡ್ರಾಯರನ್ನು ತೆರೆದರು. ಶಿಲುಬೆಯ ನಡುವಿನ ಸ್ವಸ್ತಿಕ ಯಾಕೆ ಸೊಟ್ಟಗಿದೆ ಎಂದು ಕೇಳಿದರು. ಅದು ಯಾರ ಸೈನ್ಯದ್ದು, ಆ ಸೈನ್ಯ ಏನೇನು ಮಾಡಿತು ಎಂದು ಕೂರಿಸಿಕೊಂಡು ಹೇಳಿದೆ. ಇಂಥದ್ದು ನಡೆದದ್ದು ಮರೆಯಬಾರದೆಂದೇ ಕೂಡಿಡುತ್ತೇನೆ ಎಂದೂ ಹೇಳಿದೆ. ಅವರು ಶಿಲುಬೆಯನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ನಾಲ್ಕು ಚುಕ್ಕಿನೂ ಇಲ್ಲ. ಅಳಿಯಂದಿರೇ, ಯಾರೋ ನಿಮಗೆ ಟೋಪಿ ಹಾಕಿದಾರೆ."

೩. ದೀಪ

ದಸರೆ ಮುಗಿದ ಮೇಲೆ ಶಿಲುಬೆಯನ್ನು ಸಂಘದ ಸಭೆಗೆ ಒಯ್ದೆ. ಸಂಘದ ಅಧ್ಯಕ್ಷರು ನಿವೃತ್ತ ದಂತವೈದ್ಯರು. ಪದಕವನ್ನೂ ಬಾಯಿ ಕಳೆ ಎನ್ನುವ ಹಾಗೆಯೇ ನೋಡುತ್ತಾರೆ. ಕಬ್ಬಿಣ ಒಪ್ಪಿದರು, ಅಂಚಿನ ಬೆಸುಗೆ ಒಪ್ಪಿದರು. ರಿಬ್ಬನ್ನಿನ ಬಿಳಿ ಪಟ್ಟಿ ಹಳದಿಗಟ್ಟಿತ್ತು. ಅದನ್ನು ನಾನೇ ಬೆರಳಿಟ್ಟು ತೋರಿಸಿ, ವಯಸ್ಸಿನ ಗುರುತು, ಇದನ್ನು ಯಾವ ನಕಲಿಗಾರನೂ ತರಲಾರ ಎಂದು ಸಭೆಗೆ ತಿಳಿಸಿದೆ.

ಅವರು ನೇರಳಾತೀತ ಕಿರಣದ ದೀಪ ಹೊತ್ತಿಸಿದರು. ಯುದ್ಧಕಾಲದ ಬಟ್ಟೆ ಅದರ ಕೆಳಗೆ ಮಂಕಾಗಿಯೇ ಇರುತ್ತದೆ. ಈಚಿನದು ಹೊಳೆಯುತ್ತದೆ. ನನ್ನ ರಿಬ್ಬನ್ ಮಿಂಚುಹುಳದ ಹಾಗೆ ಹಳದಿಗೆ ಹೊಳೆಯಿತು. ಯಾರೋ ಬಿಸ್ಕತ್ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಆಗ ಕಂಡದ್ದು ನನ್ನ ಬೆರಳು. ಅದೂ ಅದೇ ಬಣ್ಣಕ್ಕೆ ಹೊಳೆಯುತ್ತಿತ್ತು. ಬೆಳಿಗ್ಗೆ ಕೈಯಲ್ಲಿ ತಿಂದದ್ದು ಚಿತ್ರಾನ್ನ. ಅರಿಶಿನ, ಅದೂ ಈ ದೀಪಕ್ಕೆ ಹೊಳೆಯುತ್ತದೆ, ಎಂದೆ. ಹೊರಗೆ ಹೋಗಿ ಮನೆಗೆ ಫೋನ್ ಮಾಡಿದೆ. ಆಯುಧಪೂಜೆಯ ದಿನ ಲ್ಯಾಪ್‌ಟಾಪ್, ಕಾರಿನ ಕೀಲಿಗಳ ಜೊತೆ ಶಿಲುಬೆಯನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದಾಗಿ ಅತ್ತೆ ಒಪ್ಪಿಕೊಂಡರು. "ಅದರ ಪಾಪ ಒಂಚೂರಾದ್ರೂ ಕಳೀಲಿ ಅಂತ."

ಅಧ್ಯಕ್ಷರು ನನ್ನ ಬೆರಳನ್ನೂ ರಿಬ್ಬನ್ನನ್ನೂ ಅಕ್ಕಪಕ್ಕ ಹಿಡಿದು ನೋಡಿದರು.

"ಇಬ್ಬರೂ ಒಂದೇ ಕಾಲದವರು," ಅಂದರು. ಅರಿಶಿನ ತೆಗೆಸಿಕೊಂಡು ಬರಲು ಒಂದು ತಿಂಗಳ ಗಡುವು ಕೊಟ್ಟರು.

೪. ಗಡುವು

ಅರಿಶಿನ ತೆಗೆಯಲು ತಜ್ಞರಿದ್ದಾರೆ. ಅವರನ್ನು ಹುಡುಕಿ ಇಮೇಲ್ ಬರೆಯುತ್ತ ಕೂತೆ. ಅಳಿಯನಿಗೆ ತನ್ನಿಂದ ತಲೆತಗ್ಗಿಸುವ ಹಾಗಾಯಿತಲ್ಲ ಎಂದು ಅತ್ತೆ ಅಷ್ಟರಲ್ಲಿ ನೊಂದುಕೊಂಡಿದ್ದರು. ಊರಿಗೆ ಅಪರೂಪಕ್ಕೆ ಬಿಸಿಲು ಬಂದ ದಿನ, ಬಿಳಿ ಬಟ್ಟೆ ಇನ್ನಷ್ಟು ಬಿಳಿಯಾಗುವ ಪುಡಿಯಲ್ಲಿ ರಿಬ್ಬನ್ ನೆನೆಸಿ, ತಿಕ್ಕಿ, ಕಿಟಕಿಗೆ ಒಣಹಾಕಿ, ಇಸ್ತ್ರಿಯನ್ನೂ ಮಾಡಿಟ್ಟರು. ಹಳದಿ ಹೋಗಿತ್ತು. ನನಗೆ ಬಹಳ ಸಂತೋಷವಾಯಿತು. ಇಮೇಲನ್ನು ಅಳಿಸಿದೆ.

ಆ ಪುಡಿಗಳಲ್ಲಿ ಬಟ್ಟೆ ಹೊಳೆಯಲೆಂದೇ ಒಂದು ರಾಸಾಯನಿಕ ಹಾಕಿರುತ್ತಾರೆ. ಇದು ನನಗೂ ಗೊತ್ತಿತ್ತು. ನೆನಪಾದದ್ದು ಮಾತ್ರ ಮುಂದಿನ ಸಭೆಯಲ್ಲಿ, ದೀಪ ಹೊತ್ತಿಸಿದ ಮೇಲೆ. ಈ ಸಲ ರಿಬ್ಬನ್ ಹಳದಿಗೆ ಹೊಳೆಯಲಿಲ್ಲ. ನೀಲಿಗೆ ಹೊಳೆಯಿತು. ಹಿಂದಿನ ಸಾಲಿನವರಿಗೂ ಕಾಣಿಸಿತು.

ಅಧ್ಯಕ್ಷರು ದೀಪ ಆರಿಸಿದರು. "ನಿಮ್ಮ ಅತ್ತೆ ಇನ್ನೂ ಎಷ್ಟು ದಿನ ಇರುತ್ತಾರೆ?"

ಕಬ್ಬಿಣ, ಬೆಸುಗೆ ಮೊದಲೇ ಗೆದ್ದಿದ್ದರಿಂದ ಶಿಲುಬೆ ಮಖಮಲ್ಲಿನ ತಟ್ಟೆಗೆ ಹೋಯಿತು. ರಿಬ್ಬನ್ ನನ್ನ ಹೆಸರಿನೊಂದಿಗೆ ಬಿಸ್ಕತ್ ಡಬ್ಬಕ್ಕೆ ಹೋಯಿತು. ನಾನೀಗ ಸಂಘದ ಅಧಿಕೃತ ಪರೀಕ್ಷಕ, ರಿಬ್ಬನ್ ಇಲ್ಲದ ಪದಕಗಳಿಗೆ.